ನಾಳೆ ಬರುವ ಟೈರು

"ಬೈಕಿಗೆ ಟೈರ್ ಬೇಕು. ಹಿಂದಿಂದು, ಮುಂದಿಂದು ಎರಡೂ."

ಅವನ ಮುಖ ನೋಡದೆ, ಗೋಡೆಗೆ ಹೇಳುವವಳಂತೆ ಹೇಳಿದಳು ಅವಳು.

ಅಂಗಡಿಯವನು ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದ. ಆ ದನಿ ಕೇಳಿದ್ದೇ ತಡ, ಟ್ಯೂಬು ಕೈಯಿಂದ ಜಾರಿತು. ಎರಡು ವರ್ಷದ ನಂತರ ಕೇಳಿದ ದನಿ ಅದು! ಎದ್ದು ನಿಂತ, ಒದ್ದೆ ಕೈಯನ್ನು ಅಂಗಿಗೇ ಒರೆಸಿಕೊಂಡ.

"ಕೂತ್ಕೊಳ್ಳಿ..." ಅಂದ.

ಕೂತ್ಕೊಳ್ಳಿಯಂತೆ! ಅವಳಿಗೆ ಮೈ ಉರಿಯಿತು. ಒಂದು ಕಾಲದಲ್ಲಿ "ಏ ಗುಬ್ಬಿ" ಅಂತ ಕರೆಯುತ್ತಿದ್ದ ಬಾಯಿ ಅದು. ಈಗ ಬಹುವಚನ ಬೇರೆ.

ಅವಳಿಗೇನು ಇಲ್ಲಿಗೆ ಬರುವ ಆಸೆಯಿತ್ತೇ? ಊರಲ್ಲಿರುವ ಟೈರ್ ಅಂಗಡಿಗಳನ್ನೆಲ್ಲ ಸುತ್ತಿ ಸಾಕಾಗಿತ್ತು. ಅಣ್ಣನದು ಕ್ರೂಸರ್ ಬೈಕು. ತಗ್ಗಿದ ಸೀಟು, ಅಗಲ ಹ್ಯಾಂಡಲ್, ಆನೆಯಂಥ ಮೈ, ಅದಕ್ಕೆ ತಕ್ಕ ದಪ್ಪ ಟೈರು. "ಈ ಸೈಜ್ ನಾವು ಇಡಲ್ಲಮ್ಮ, ಆ ಗಾಳಿ ಹತ್ರ ಕೇಳಿ" ಎಂದು ಎಲ್ಲರೂ ಇವನ ಅಂಗಡಿಯತ್ತಲೇ ಕೈ ತೋರಿಸಿದ್ದರು.

ಗಾಳಿ ಎಂದರೆ ಇವನೇ. ಚಕ್ರಗಳಿಗೆ ಗಾಳಿ ತುಂಬುವವನಿಗೆ ಅವಳ ಅಣ್ಣ ಇಟ್ಟ ಅಡ್ಡಹೆಸರು. "ಗಾಳಿ, ನನ್ನ ತಂಗೀನ ಮದುವೆ ಆದ್ಮೇಲೂ ನನ್ನ ಹತ್ರ ದುಡ್ಡು ತಗೋತೀಯೇನೋ?" ಎಂದು ಅಣ್ಣ ಛೇಡಿಸುವುದು, ಇವನು ಕಿವಿವರೆಗೂ ಕೆಂಪಾಗುವುದು, ಅವಳು ಹೊಲಿಗೆ ಯಂತ್ರದ ಹಿಂದೆ ಮುಖ ಮುಚ್ಚಿಕೊಂಡು ನಗುವುದು... ಎಂಥ ದಿನಗಳು ಅವು!

ಆಮೇಲೆ ಅಣ್ಣನಿಗೆ ಕಾಯಿಲೆ ಬಂತು. ಡಾಕ್ಟರು ಕೈಚೆಲ್ಲಿದರು. "ಒಂದೇ ಒಂದು ಸಲ ಬೈಕಲ್ಲಿ ಕಡಲ ತೀರದ ಲೈಟ್‌ಹೌಸ್‌ವರೆಗೆ ಹೋಗಿಬರ್ತೀನಿ ಕಣೇ" ಅಂದಿದ್ದ ಅಣ್ಣ. ಆದರೆ ಬೈಕಿನ ಟೈರುಗಳು ಸವೆದು ಬೋಳಾಗಿದ್ದವು. ತರಿಸಿಕೊಡುತ್ತೇನೆ ಎಂದಿದ್ದ ಗಾಳಿ, ದಿನಾ ಹೇಳಿದ್ದು ಒಂದೇ ಮಾತು. "ಇನ್ನೂ ಬಂದಿಲ್ಲ ಅಣ್ಣ. ನಾಳೆ ಬರುತ್ತೆ."

ಆ ನಾಳೆ ಬರುವ ಮೊದಲೇ ಅಣ್ಣ ಹೋಗಿಬಿಟ್ಟ.

"ಸಾಯೋನಿಗೆ ಒಂದು ಜೊತೆ ಟೈರ್ ತರಿಸಿ ಕೊಡೋಕಾಗಲಿಲ್ಲ ನಿನಗೆ! ಇನ್ನು ನನ್ನ ಮುಖ ನೋಡ್ಬೇಡ!" ಎಂದು ಮನೆ ಬಾಗಿಲಲ್ಲೇ, ಎಲ್ಲರೆದುರು ಅವನನ್ನು ಓಡಿಸಿದ್ದಳು. ಅವನು ತುಟಿ ಬಿಚ್ಚದೆ ಹೋಗಿದ್ದ.

"ಯಾರು ಓಡಿಸ್ತಾರೆ ಈಗ?" ಅವಳು ಅಂಗಡಿ ಮುಂದೆ ತಂದು ನಿಲ್ಲಿಸಿದ್ದ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಳಿ ಕೇಳಿದ.

"ನಾನು."

ಅವನು ಬೆಚ್ಚಿ ತಲೆ ಎತ್ತಿದ.

"ಕಲಿತಿದ್ದೀನಿ. ಬಿದ್ದು ಎದ್ದು ಕಲಿತಿದ್ದೀನಿ. ಲೈಟ್‌ಹೌಸ್‌ಗೆ ಹೋಗ್ಬೇಕು. ಅಣ್ಣನಿಗಂತೂ ಆಗಲಿಲ್ಲ... ಯಾರೋ ಪುಣ್ಯಾತ್ಮರು ಬಿಡಲಿಲ್ಲ."

ಮಾತು ನಾಟಿತು. ಅವನ ಮುಖ ಕಂದಿದ್ದು ಅವಳಿಗೆ ಕಂಡಿತು. ಖುಷಿಯಾಗಬೇಕಿತ್ತು, ಯಾಕೋ ಆಗಲಿಲ್ಲ.

"ಎರಡು ಥರ ಟೈರ್ ಬರುತ್ತೆ," ಅಂದ ಮೆಲ್ಲಗೆ. "ಗಟ್ಟಿ ರಬ್ಬರಿಂದು ಬಹಳ ದಿನ ಬಾಳಿಕೆ ಬರುತ್ತೆ. ಮೆತ್ತನೇದು ಬೇಗ ಸವೆಯುತ್ತೆ, ಆದ್ರೆ ತಿರುವಲ್ಲಿ, ಒದ್ದೆ ರೋಡಲ್ಲಿ ಕೈಬಿಡಲ್ಲ. ಹಿಂದಿಂದು ಅಟ್ಟದ ಮೇಲಿರ್ಬೇಕು. ನೋಡ್ತೀನಿ ಇರಿ."

ಏಣಿ ಹತ್ತಿದ. ಅಟ್ಟದಲ್ಲಿ ಒಂದನ್ನು ಎಳೆಯಲು ಹೋದಾಗ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಇನ್ನೊಂದೇನೋ ಧೊಪ್ಪನೆ ಕೆಳಗೆ ಬಿತ್ತು. ಚೀಲ ಹರಿದು ಎರಡು ಟೈರುಗಳು ಹೊರಬಂದವು. ಒಂದು ಉರುಳಿ ಬಂದು ಅವಳ ಕಾಲಿಗೆ ತಾಗಿ ನಿಂತಿತು.

"ಅದನ್ನ ಮುಟ್ಬೇಡಿ!" ಎಂದು ಅವನು ಮೇಲಿನಿಂದ ಕೂಗಿದ.

ಮುಟ್ಟಬೇಡ ಎಂದರೆ ಸುಮ್ಮನಿರುವವಳೇ ಅವಳು? ಅಂಗೈಯಿಂದ ಧೂಳು ಒರೆಸಿದಳು. ಅಣ್ಣನ ಬೈಕಿನದೇ ಸೈಜು! ಇನ್ನೂ ಒರೆಸಿದಳು. ಟೈರಿನ ಪಕ್ಕೆಯಲ್ಲಿ ತಯಾರಾದ ವಾರ, ವರ್ಷ ಅಚ್ಚೊತ್ತಿರುತ್ತದೆ. ಅದನ್ನು ಓದುವುದು ಹೇಗೆಂದು ಒಂದು ಕಾಲದಲ್ಲಿ ಅವಳಿಗೆ ಕಲಿಸಿದ್ದೇ ಇವನು. ಓದಿದಳು. ಅಣ್ಣ ತೀರಿಕೊಂಡ ವರ್ಷವೇ.

ಅದರ ಪಕ್ಕದಲ್ಲಿ ಹಳದಿ ಬಳಪದಲ್ಲಿ, ಇವನ ಅಕ್ಷರದಲ್ಲೇ ಬರೆದಿತ್ತು: ಅಣ್ಣನಿಗೆ.

ಅವಳು ಏಣಿಯತ್ತ ತಲೆ ಎತ್ತಿದಳು.

"ಬಂದಿತ್ತು..." ಅಂದಳು. "ಟೈರ್ ಬಂದಿತ್ತು! ಅಟ್ಟದ ಮೇಲೆ ಬಚ್ಚಿಟ್ಟು ನಾಳೆ ನಾಳೆ ಅಂತ ಅವನನ್ನ ಸಾಯಿಸಿದ್ಯಲ್ಲೋ! ಮನುಷ್ಯನಾ ನೀನು?"

ಅವನು ಏಣಿಯಿಂದಿಳಿದು ಕೊನೆಯ ಮೆಟ್ಟಿಲ ಮೇಲೇ ಕೂತ.

"ಟೈರ್ ಬಂದ ದಿನ ಅಣ್ಣನಿಗೆ ಫೋನ್ ಮಾಡ್ದೆ. ಆಟೋ ಮಾಡ್ಕೊಂಡು ಓಡಿ ಬಂದ. ಇಲ್ಲೇ, ಈ ಸ್ಟೂಲ್ ಮೇಲೆ ಕೂತು ಟೀ ಕುಡೀತಿದ್ದ. ಬಲಗೈಯಲ್ಲಿದ್ದ ಲೋಟ ಬಿದ್ದು ಒಡೆದುಹೋಯ್ತು. ಅವನಿಗೆ ಗೊತ್ತೇ ಆಗಲಿಲ್ಲ, ಗುಬ್ಬಿ. ಲೋಟ ಹಿಡಿದವನ ಹಾಗೇ ಕೈ ಇಟ್ಕೊಂಡು ಮಾತಾಡ್ತಾನೇ ಇದ್ದ..."

ಅವಳು ಆ ಸ್ಟೂಲಿನತ್ತ ತಿರುಗಿದಳು.

"ಬ್ರೇಕ್ ಹಿಡಿಯೋ ಕೈ ಅದು. ಆ ಕೈಗೆ ನಾನು ಹೇಗೆ ಬೈಕ್ ಕೊಡ್ಲಿ? ಬೇಡ ಅಣ್ಣ ಅಂದೆ. 'ಗುಬ್ಬಿಗೆ ಮಾತ್ರ ಹೇಳ್ಬೇಡ, ನಾನಿನ್ನೂ ಬೈಕ್ ಓಡಿಸ್ತೀನಿ ಅಂತ ನಂಬಿರೋಳು ಅವಳೊಬ್ಬಳೇ' ಅಂತ ಅಣ್ಣ ಅತ್ತ. ನನ್ನ ಕೈಲಿ ಆಣೆ ಹಾಕಿಸ್ಕೊಂಡ."

"ಅಂದ್ರೆ... ಅಣ್ಣನಿಗೆ ಗೊತ್ತಿತ್ತಾ? ಮತ್ಯಾಕೆ ದಿನಾ ಬಂದು ಟೈರ್ ಬಂತಾ ಅಂತ ಕೇಳ್ತಿದ್ದ?"

"ನಾನೂ ಅದನ್ನೇ ಕೇಳ್ದೆ. ನಕ್ಕುಬಿಟ್ಟ. 'ನೀನು ನಾಳೆ ಬರುತ್ತೆ ಅಂತ ಹೇಳ್ತಾ ಇರು ಗಾಳಿ, ನೀನು ಹಾಗಂದಾಗ ನನಗೂ ನಾಳೆ ಅಂತ ಒಂದಿದೆ ಅನ್ಸುತ್ತೆ' ಅಂದ."

ಅವಳು ಆ ಟೈರನ್ನು ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಅಳು ಒಡೆದು ಬಂತು. ಅಯ್ಯೋ ಅಣ್ಣಾ! "ಹೊರಡು ಅಣ್ಣ, ನಿನ್ನ ಕೈಲಿ ಆಗುತ್ತೆ" ಎಂದು ದಿನಾ ಹುರಿದುಂಬಿಸಿದ್ದು ಅವಳೇ ಅಲ್ಲವೇ? ಅವಳ ಮಾತು ಕೇಳಿ ಅವನು ಹೊರಟಿದ್ದರೆ...

ಆಗ ಅವಳಿಗೆ ಎಲ್ಲವೂ ಅರ್ಥವಾಯಿತು.

"ಅವನು ಹೋದ್ಮೇಲಾದ್ರೂ ಹೇಳ್ಬಹುದಿತ್ತಲ್ಲ," ಅಂದಳು ಬಿಕ್ಕುತ್ತಾ. "ನಾನು ಅಷ್ಟು ಬೈದೆ..."

"ಹೇಳಿದ್ರೆ ಈಗ ಅಳ್ತಿದ್ದೀಯಲ್ಲ, ಹೀಗೆ ಅಳ್ತಿದ್ದೆ. ನಿನ್ನನ್ನ ನೀನೇ ಬೈಕೊಳ್ತಿದ್ದೆ. ಅದಕ್ಕಿಂತ ನನ್ನನ್ನ ಬೈಕೊಂಡಿರಲಿ ಅಂತ ಬಿಟ್ಟೆ."

"ಅಷ್ಟೊಂದು ಒಳ್ಳೆಯವನಾಗೋಕೆ ಯಾರು ಹೇಳಿದ್ರು ನಿನಗೆ?"

"ಒಳ್ಳೆತನ ಅಲ್ಲ ಗುಬ್ಬಿ, ಪ್ರೀತಿ. ಆವತ್ತೂ ಇತ್ತು, ಇವತ್ತೂ ಇದೆ. ಬಿಡೋಕೆ ನೋಡ್ದೆ, ಆಗಲಿಲ್ಲ."

ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು. ಯಾರೋ ಒಬ್ಬರು ಗಾಳಿ ಹಾಕಿಸಲು ಬಂದವರು, ಒಳಗಿನ ಅಳು ಕಂಡು ಸದ್ದಿಲ್ಲದೆ ಸೈಕಲ್ ತಿರುಗಿಸಿಕೊಂಡು ಹೋದರು.

ಅವಳು ಮೂಗು ಒರೆಸಿಕೊಂಡು ಎದ್ದಳು. "ಇದನ್ನೇ ಹಾಕು. ಅಣ್ಣನ ಟೈರ್ ಮೇಲೇ ಹೋಗ್ತೀನಿ."

"ಆಗಲ್ಲ."

"ಯಾಕೆ? ಒಂದು ಗೆರೆಯೂ ಸವೆದಿಲ್ಲ, ಹೊಸದರ ಹಾಗಿದೆ."

"ಉಗುರು ಒತ್ತಿ ನೋಡು."

ಬಟ್ಟೆಯನ್ನು ಬೆರಳಲ್ಲೇ ಅಳೆಯುವ ದರ್ಜಿಯ ಕೈ ಅವಳದು. ಒತ್ತಿದಳು. ರಬ್ಬರು ಕಲ್ಲಾಗಿತ್ತು. ಗೆರೆಗಳ ನಡುವೆ ಕೂದಲೆಳೆಯಂಥ ಬಿರುಕುಗಳಿದ್ದವು.

"ಶೀಟಿನ ಅಟ್ಟ, ಬಿಸಿಲ ಕಾವಿಗೆ ಬೇಗ ಒಣಗಿದೆ. ತಿರುವಲ್ಲಿ ಜಾರುತ್ತೆ. ಅಣ್ಣನನ್ನ ತಡೆದ ಹಾಗೆ ನಿನ್ನನ್ನೂ ತಡೀತೀನಿ. ಬೇಕಾದ್ರೆ ಇನ್ನೂ ಹತ್ತು ವರ್ಷ ಮಾತು ಬಿಡು."

ಅವಳಿಗೆ ಅಳುವಿನ ನಡುವೆಯೂ ನಗು ಬಂತು. ಈ ಹಟಮಾರಿಯನ್ನೇ ಅಲ್ಲವೇ ಅವಳು ಮೆಚ್ಚಿದ್ದು?

"ಹಾಗಾದ್ರೆ ಆ ಮೆತ್ತನೇದೇ ಹಾಕು."

"ಬೇಗ ಸವೆದುಹೋಗುತ್ತೆ."

"ಸವೀಲಿ ಬಿಡು. ಸವೆದಾಗಲೆಲ್ಲ ನಿನ್ನ ಹತ್ರಾನೇ ಬರ್ತೀನಿ."

ಅವನ ಕಣ್ಣು ತುಂಬಿ ಬಂತು. ಅಡಗಿಸಲು ಬೈಕಿನ ಮುಂದಿನ ಚಕ್ರದತ್ತ ತಿರುಗಿ ಕೂತ. "ಹಿಂದಿಂದು ಸ್ಟಾಕಿದೆ, ಹೋದ ತಿಂಗಳಷ್ಟೇ ಬಂದಿದ್ದು. ಮುಂದಿಂದು ಮೆತ್ತನೇದು ತರಿಸ್ಬೇಕು. ನಾಳೆ ಬರು..."

ಅಣ್ಣ ಕೂರುತ್ತಿದ್ದ ಸ್ಟೂಲಿನತ್ತ ಇಬ್ಬರೂ ನೋಡಿದರು. ಅದು ಖಾಲಿಯಿತ್ತು.

ಅವಳು ಹೋಗಿ ಆ ಸ್ಟೂಲಿನ ಮೇಲೆ ಕೂತಳು.

"ಪೂರ್ತಿ ಹೇಳು, ಗಾಳಿ."

"ನಾಳೆ ಬರುತ್ತೆ, ಗುಬ್ಬಿ."

"ನಿಜ ತಾನೇ?"

"ಈ ಸಲ ನಿಜ."

"ಸರಿ. ಬೆಳಿಗ್ಗೆನೇ ಬರ್ತೀನಿ. ನೀನೂ ಅಂಗಡಿ ಮುಚ್ಚಿ ರೆಡಿಯಾಗಿರು... ಲೈಟ್‌ಹೌಸ್‌ವರೆಗೆ ಹಿಂದೆ ಕೂರೋಕೆ ನನಗೊಬ್ಬರು ಬೇಕು."