ಮಾರೆಹಾದಾದ ಎಂಟು ವೂಫರ್‌ಗಳು

ಬುಧವಾರ ಬೆಳಿಗ್ಗೆ ಏಳಕ್ಕೆ ಯಾಮಿದ್ ‘ಮಾರೆಹಾದಾ’ವನ್ನು ಚಾಲು ಮಾಡಿದ. ಹಾಡು ಬರಲಿಲ್ಲ. ಸಡಿಲ ತಗಡು ಗಾಳಿಗೆ ಬಡಿದಂಥ ಸದ್ದು ಬಂತು.

ಮಾರೆಹಾದಾ ನಮ್ಮ ಬರಾಂಕಿಯಾ ಊರಿನ ಬೀದಿ ಕುಣಿತಗಳಿಗೆ ಹೋಗುವ ಪಿಕೊ. ಆಳೆತ್ತರ ಮೀರಿದ, ಬಣ್ಣ ಬಳಿದ ಸ್ಪೀಕರ್ ಪೆಟ್ಟಿಗೆ. ದಪ್ಪ ದನಿ ಹೊರಡಿಸುವ, ನಲವತ್ತು ವರ್ಷ ಹಳೆಯ ವೂಫರ್‌ಗಳು ಎಂಟು, ಒಂದರ ಮೇಲೊಂದು ನಾಲ್ಕರಂತೆ ಎರಡು ಸಾಲು. ಯಾಮಿದ್ ಮುಂದಿನ ಬಟ್ಟೆ ಕಳಚಿದ. ಕಾಗದದ ಕೋನ್ ಅನ್ನು ಚೌಕಟ್ಟಿಗೆ ಹಿಡಿದಿಡುವ ರಬ್ಬರ್ ಬಳೆಗಳು ಎಂಟೂ ಹಾಳಾಗಿದ್ದವು.

ಎರಡು ತಿಂಗಳ ಹಿಂದೆ ಆ ಬಳೆಗಳನ್ನು ಕೂರಿಸಿದವಳು ಸ್ಪೀಕರ್ ರಿಪೇರಿ ಮಾಡುವ ದಿಲ್ಸಾ. ಎಂಟು ಹೊಡೆಯುವಷ್ಟರಲ್ಲಿ ಬೀದಿ ಅವಳನ್ನು ಮೋಸಗಾತಿ ಎಂದಿತು. ಒಂಬತ್ತಕ್ಕೆ ಅವಳ ಅಂಗಡಿಯ ಗಾಜು ಒಡೆಯಿತು. ರಿಪೇರಿಗೆ ಕೊಟ್ಟವರು ಬಂದು ತಮ್ಮ ಸ್ಪೀಕರ್ ವಾಪಸ್ ಒಯ್ದರು. ಗಂಡ ಸತ್ತ ಮೇಲೆ ಆ ಅಂಗಡಿ ಬಿಟ್ಟರೆ ಅವಳಿಗೆ ಬೇರೇನೂ ಇರಲಿಲ್ಲ.

* * *

ದಿಲ್ಸಾ ಯಾಮಿದ್‌ನ ಹಿತ್ತಿಲಿಗೆ ಹೋದಳು. ಶನಿವಾರ ಪಕ್ಕದ ಬಡಾವಣೆಯಲ್ಲಿ ನಿಕಾನೋರ್‌ನ ಪಿಕೊ ಜೊತೆ, ಯಾರ ಸದ್ದು ಜೋರು ಎಂಬ ಪಂದ್ಯವಿತ್ತು. ಪಾರ್ಶ್ವವಾಯು ಬಡಿದು ಗಾಲಿಕುರ್ಚಿ ಹಿಡಿದಿದ್ದ ಯಾಮಿದ್‌ನ ಅಪ್ಪ ಎವರಿಸ್ತೊ ನೆಲ ನೋಡುತ್ತಿದ್ದ.

ಅವಳು ಬಳೆಗಳನ್ನು ಬೆರಳಲ್ಲಿ ಒತ್ತಿದಳು. ವಯಸ್ಸಾದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಇದು ಉಬ್ಬಿತ್ತು, ಮೆತ್ತಗಾಗಿ ಅಲೆಅಲೆಯಾಗಿತ್ತು. ಅಂಟು ಬಿಟ್ಟಿತ್ತು. ಒಂದು ಚೂರು ಕತ್ತರಿಸಿಕೊಂಡಳು. ಏಣಿ ಹತ್ತಿ ಮೇಲಿನ ಎರಡನ್ನೂ ನೋಡಿದಳು. ಯಾಕೋ ಬಹಳ ಹೊತ್ತು ಅಲ್ಲೇ ನಿಂತಳು.

ಮೊದಲು ಅನುಮಾನ ಹೋದದ್ದು ನಿಕಾನೋರ್ ಮೇಲೆ. ಸೋಮವಾರ ಅವನು ಈ ಹಿತ್ತಿಲಿಗೆ ಬಂದಿದ್ದ. ದಿಲ್ಸಾ ನೇರವಾಗಿ ಅವನನ್ನೇ ಕೇಳಿದಳು. ಅವನಿಗೆ ಸಿಟ್ಟು ಬಂತು.

“ಮೂಗನ ಎದುರು ಹಾಡಿ ಗೆದ್ದರೆ ನನಗೇನು ಹೆಸರು ಬರುತ್ತೆ ಹೇಳು? ನನಗೆ ಮಾರೆಹಾದಾ ಬೇಕು, ಅದೂ ಗಟ್ಟಿ ದನಿಯಲ್ಲಿ.”

ಅವನು ಆರಡಿ ಮೀರಿದ ಆಳು. ದಿಲ್ಸಾ ಅವನ ತೋಳಿನ ಉದ್ದ ನೋಡಿ, ಇವನಲ್ಲ ಎಂದುಕೊಂಡು ವಾಪಸಾದಳು.

ಇನ್ನೊಂದು ಭಯ ಉಳಿದಿತ್ತು. ರಬ್ಬರೇ ಕೆಟ್ಟದ್ದಿದ್ದರೆ? ಆಗ ತಪ್ಪು ಅವಳದೇ. ಅದೇ ಮಾಲಿನ ಉಳಿದ ಬಳೆಯಿಂದ ಎರಡು ಪಟ್ಟಿ ಕತ್ತರಿಸಿದಳು. ಒಂದನ್ನು ಬಿಸಿಲಿಗೆ ತಗಡಿನ ಮೇಲಿಟ್ಟಳು. ಇನ್ನೊಂದನ್ನು ಮಷಿನ್ ಎಣ್ಣೆಯಲ್ಲಿ ಮುಳುಗಿಸಿದಳು. ಗುರುವಾರ ಬೆಳಿಗ್ಗೆ ಬಿಸಿಲಿನದು ಇದ್ದಂತೆಯೇ ಇತ್ತು. ಎಣ್ಣೆಯದು ಉಬ್ಬಿ ಅಲೆಯಾಗಿತ್ತು, ಮಾರೆಹಾದಾದ ಚೂರಿನ ಹಾಗೆಯೇ. ವಾಸನೆಯೂ ಅದೇ.

* * *

ಪಟ್ಟಿಗಳನ್ನು ಅವಳು ಅಪ್ಪ ಮಗನ ಮುಂದಿಟ್ಟಳು.

“ಯಾರೋ ಬಟ್ಟೆಯೊಳಗೆ ಕೈ ಹಾಕಿ ದಿನಾ ಎಣ್ಣೆ ಸವರಿದ್ದಾರೆ. ಹಿತ್ತಿಲ ಬೀಗ ಮುರಿದಿಲ್ಲ, ಅಂದ್ರೆ ಮನೆಯವರೇ. ಕೆಳಗಿನ ಆರು ಬಳೆ ಪೂರ್ತಿ ಹೋಗಿವೆ. ಮೇಲಿನ ಎರಡರಲ್ಲಿ ಕೆಳಗಿನ ಅರ್ಧ ಮಾತ್ರ. ಅದರ ಮೇಲಕ್ಕೆ ಕೈ ಎಟುಕಿಲ್ಲ. ನಿಂತವನಿಗೆ ಎಟುಕ್ತಿತ್ತು.” ಅವಳು ಕುರ್ಚಿಯ ಕಡೆ ತಿರುಗಿದಳು. “ಗಾಲಿಗೆ ಬಿಡೋ ಎಣ್ಣೆ ಅಲ್ವಾ, ದೋನ್ ಎವರಿಸ್ತೊ?”

ಎವರಿಸ್ತೊ ಒಪ್ಪಿಕೊಂಡ. ಕ್ಷೌರದಂಗಡಿಯಲ್ಲಿ ಒಬ್ಬ ಕಿವಿಯಲ್ಲಿ ಹೇಳಿದ್ದನಂತೆ: ಹೋದ ವರ್ಷದ ಒಂದು ಜಗಳದ ಸೇಡಿಗೆ ಶನಿವಾರ ಪಂದ್ಯಕ್ಕೆ ಬಂದಾಗ ಯಾಮಿದ್‌ನನ್ನು ಮುಗಿಸುತ್ತಾರೆ. ಮಗನಿಗೆ ಹೇಳಿದರೆ ಹಟಕ್ಕೆ ಬಿದ್ದು ಹೋಗಿಯೇ ಹೋಗುತ್ತಾನೆ ಎಂದು ಅಪ್ಪನಿಗೆ ಗೊತ್ತಿತ್ತು.

“ನಲವತ್ತು ವರ್ಷ ಸಾಕಿದ್ದನ್ನ ನಾನೇ ಕೊಂದೆ,” ಎಂದ. “ಸೆನ್ಯೊ ದಿಲ್ಸಾ, ನಿಮ್ಮ ಮೇಲೆ ಬರುತ್ತೆ ಅಂತ ಗೊತ್ತಿತ್ತು. ಆದರೂ ಮಾಡಿದೆ.”

ಯಾಮಿದ್ ಅಪ್ಪನ ಮುಖ ನೋಡದೆ ದಿಲ್ಸಾಳನ್ನು ಕೇಳಿದ.

“ಶನಿವಾರದೊಳಗೆ ಹೊಸ ಬಳೆ ಕೂರುತ್ತಾ?”

ಬಳೆಗಳು ಅಂಗಡಿಯಲ್ಲಿದ್ದವು. ಅಂಟು ಒಣಗಲು ಒಂದು ರಾತ್ರಿ ಸಾಕು. ಎಂಟೂ ವೂಫರ್ ಮೊದಲಿನಂತೆ ಗುಡುಗಿದರೆ ಅವಳ ಹೆಸರೂ ಅಂದೇ ಉಳಿಯುತ್ತಿತ್ತು. ಅವಳು ಮುದುಕನ ಕಡೆ ನೋಡಿದಳು.

“ಕೋನ್‌ಗಳೂ ಎಣ್ಣೆ ಕುಡಿದಿವೆ,” ಎಂದಳು ದಿಲ್ಸಾ. “ಹದಿನೈದು ದಿನ ಬೇಕು.”

“ನಿಮ್ಮ ಕೈಲಿ ಆಗಲ್ಲ ಅಂತಾರೆ ಜನ.”

“ಅನ್ನಲಿ.”

ಬಾಗಿಲ ಬಳಿ ಎವರಿಸ್ತೊ ಅವಳ ಕೈ ಹಿಡಿದ. ಈಗಲೇ ಬೀದಿಗೆಲ್ಲ ನಿಜ ಹೇಳುತ್ತೇನೆ ಎಂದ. ಭಾನುವಾರದವರೆಗೆ ಬಾಯಿ ಬಿಡಬೇಡಿ ಎಂದಳು ಅವಳು. ನಿಜ ತಿಳಿದು, ಯಾಮಿದ್ ಹೆದರಿ ಉಳಿದ ಎಂದು ಯಾರಾದರೂ ಆಡಿಕೊಂಡರೆ ಹುಡುಗ ಬರಿಗೈಯಲ್ಲಾದರೂ ಹೋಗಿಬಿಡುತ್ತಾನೆ.

ಶನಿವಾರ ಒಡೆದ ಗಾಜಿಗೆ ರಟ್ಟು ಹೊಡೆದು ಅವಳು ಅಂಗಡಿಯಲ್ಲಿ ಕೂತಳು. ಒಬ್ಬರೂ ಬರಲಿಲ್ಲ. ಪಕ್ಕದ ಬಡಾವಣೆಯ ತಿರುವಿನಲ್ಲಿ ಇಬ್ಬರು ಯಾಮಿದ್‌ಗಾಗಿ ಬೆಳಗಿನವರೆಗೂ ಕಾದಿದ್ದರಂತೆ.

ಭಾನುವಾರ ಚರ್ಚು ಬಿಟ್ಟ ಹೊತ್ತಿಗೆ ಎವರಿಸ್ತೊ ಬೀದಿಗೆ ಬಂದ. ಪ್ರತಿ ಮನೆಯ ಮುಂದೆಯೂ ಕುರ್ಚಿ ನಿಲ್ಲಿಸಿ, ನಾನೇ ಮಾಡಿದ್ದು, ದಿಲ್ಸಾ ಅಲ್ಲ ಎಂದ. ಕೊನೆಯ ಮನೆ ಮುಟ್ಟುವಷ್ಟರಲ್ಲಿ ಅವನ ದನಿ ಹೋಗಿತ್ತು. ಹಿಂದೆ ಕುರ್ಚಿ ತಳ್ಳುತ್ತಿದ್ದ ಯಾಮಿದ್ ಅಪ್ಪನ ಪರವಾಗಿ ಆ ಮಾತನ್ನು ತಾನೇ ಹೇಳಿದ.