ಯಮನೂರಪ್ಪನ ಬಲಗೈ ಗ್ಲೌಸು

ಗ್ಲೌಸು ಇರಲಿಲ್ಲ.

ಮಸ್ಕಿ ಮೈದಾನದ ಸಾಮಾನಿನ ಕೋಣೆಯಲ್ಲಿ ತಂಡದ ಉಳಿದೆಲ್ಲ ಗ್ಲೌಸುಗಳೂ ಹಲಗೆಯ ಮೇಲೆ ಸಾಲಾಗಿ ಕೂತಿದ್ದವು. ಯಮನೂರಪ್ಪ ನಿನ್ನೆ ಸಂಜೆ ತನ್ನದನ್ನು ಇಟ್ಟಿದ್ದ ಜಾಗ ಮಾತ್ರ ಖಾಲಿ. ಅಲ್ಲಿ ಒಂದಿಷ್ಟು ಹಳದಿ ಪುಡಿ ಚೆಲ್ಲಿತ್ತು, ಅಷ್ಟೇ.

"ನನ್ನ ಗ್ಲೌಸ್ ಎಲ್ಲೈತ್ರಲೇ?"

ಯಮನೂರಪ್ಪನ ಕೂಗಿಗೆ ಹೊರಗೆ ಹಲ್ಲುಜ್ಜುತ್ತಿದ್ದವರೆಲ್ಲ ಓಡಿ ಬಂದರು. ಮಧ್ಯಾಹ್ನ ಫೈನಲ್. ಲಿಂಗಸುಗೂರು ತಂಡದ ಎದುರು. ಬೇಸ್‌ಬಾಲ್ ಪಂದ್ಯ.

ಹೌದು, ಬೇಸ್‌ಬಾಲ್! ಆಟಗಾರರಿಗೆ ಸಂಬಳ ಕೊಟ್ಟು ಈ ಲೀಗ್ ಶುರು ಮಾಡಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಗಿಲ್ಲಿದಾಂಡಿಗೆ ಪ್ಯಾಂಟು ತೊಡಿಸ್ಯಾರ ಎಂದಿದ್ದರು. ಸೀಸನ್ ಅರ್ಧಕ್ಕೆ ಬರುವಷ್ಟರಲ್ಲಿ ಅದೇ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಆಟ ನೋಡಲು ಬರತೊಡಗಿದರು. ಅದಕ್ಕೆ ಕಾರಣ ಸಿಂಧನೂರು ಸೋನಾ ತಂಡದ ಯಮನೂರಪ್ಪ. ವಳಕಮದಿನ್ನಿಯ ಕುರಿ ಕಾಯುವವನು. ಹಿಂಡು ಬಿಟ್ಟು ಓಡುವ ಟಗರಿನ ಮೂಗಿನ ಮುಂದೆ ಕಲ್ಲು ಬೀಸಿ ತಿರುಗಿಸುತ್ತಿದ್ದ ಎಡಗೈ ಅವನದು. ಅದೇ ಕೈಯಿಂದ ಈಗ ಚೆಂಡು ಎಸೆಯುತ್ತಿದ್ದ. ಈ ಆಟದಲ್ಲಿ ಎಸೆಯುವವನಿಗೆ ಪಿಚರ್ ಎನ್ನುತ್ತಾರೆ. ಅವನು ಗಟ್ಟಿ ಇದ್ದರೆ ತಂಡ ಗಟ್ಟಿ.

ಗ್ಲೌಸು ಹಾಕುವುದು ಹಿಡಿಯುವ ಕೈಗೆ, ಎಸೆಯುವ ಕೈಗಲ್ಲ. ಎಲ್ಲರೂ ಬಲಗೈಯಲ್ಲಿ ಎಸೆಯುವವರು, ಹಾಗಾಗಿ ಎಲ್ಲರ ಗ್ಲೌಸೂ ಎಡಗೈಯದು. ಯಮನೂರಪ್ಪ ಒಬ್ಬನೇ ಎಡಚ. ಅವನ ಬಲಗೈ ಗ್ಲೌಸನ್ನು ಜಲಂಧರದಿಂದ ತರಿಸಿದ್ದರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕು ಜಾಲಾಡಿದರೂ ಇನ್ನೊಂದು ಸಿಗುವಂತಿರಲಿಲ್ಲ.

"ಕೀಲಿ ಯಾರ ಕಡೆ ಇತ್ತು?" ತಂಡದ ಕೋಚ್ ಆಂಜನೇಯ ಕೇಳಿದ. ಬಾಯಿ ತುಂಬ ಎಲೆ ಅಡಿಕೆ, ಮೈಮೇಲೆ ಬಿಳಿ ಟೀ ಶರ್ಟು.

"ನನ್ನ ಕಡೇರಿ," ಎಂದ ಅಮ್ಜದ್. ತಂಡದ ಎರಡನೆಯ ಪಿಚರ್. ಗೊರೇಬಾಳದ ಹುಡುಗ.

ಅಷ್ಟೇ ಸಾಕಾಯಿತು! ಆಂಜನೇಯ ತಂಡದ ಮಾಲೀಕ ಸೂಗಪ್ಪನ ಕಡೆ ತಿರುಗಿ, "ಯಮನೂರಪ್ಪ ಆಡಲಿಲ್ಲ ಅಂದ್ರ ಯಾರು ಆಡ್ತಾರ? ಇಂವ. ಇನ್ನೇನು ಬೇಕ್ರಿ ನಿಮಗ?" ಎಂದ. ರೈಸ್ ಮಿಲ್ಲಿನ ಸಾಹುಕಾರ ಸೂಗಪ್ಪ ಹಿಂದೆ ನೋಡಲಿಲ್ಲ, ಮುಂದೆ ನೋಡಲಿಲ್ಲ. ಅಮ್ಜದನ ರಟ್ಟೆ ಹಿಡಿದು ಪಕ್ಕದ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿಸಿದ. ಚಹಾದಂಗಡಿಯ ಮಂದಿ ಮೊಬೈಲು ಎತ್ತಿ ಹಿಡಿದು ನಿಂತಿದ್ದರು.

"ಆಟ ಶುರುವಾಗೂದ್ರಾಗ ಒಪ್ಪಿಕೊಂಡ್ರ ಛಲೋ. ಇಲ್ಲಂದ್ರ ಪೊಲೀಸ್ರ ಕೈಗೆ ಕೊಡ್ತೀನಿ. ಲೀಗಿನ್ಯಾಗ ಮತ್ತ ಕಾಲಿಡಂಗಿಲ್ಲ ಇಂವ!" ಸೂಗಪ್ಪ ಮೈದಾನಕ್ಕೆಲ್ಲ ಕೇಳುವಂತೆ ಒದರಿದ.

ಇದನ್ನೆಲ್ಲ ಬಾಗಿಲ ಬಳಿ ನಿಂತು ನೋಡುತ್ತಿದ್ದವಳು ಮೌನೇಶ್ವರಿ. ಸಿಂಧನೂರಿನ ದಿನಪತ್ರಿಕೆಯೊಂದರ ವರದಿಗಾರ್ತಿ. ಹೆಸರು ಮೌನೇಶ್ವರಿ, ಮೌನಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ. ಸೀಸನ್ ಪೂರ್ತಿ ಸ್ಕೂಟಿಯ ಮೇಲೆ ತಂಡದ ಬೆನ್ನು ಹತ್ತಿ ತಿರುಗಿದವಳು. ಅವಳ ಮೈ ಉರಿದುಹೋಯಿತು.

"ಸೂಗಪ್ಪನವರ, ಒಂದು ಮಾತು ಕೇಳದ ಹುಡುಗನ್ನ ಕಳ್ಳ ಮಾಡಿಬಿಟ್ರೆಲ್ಲ?"

"ನೀ ಸುದ್ದಿ ಬರಿಯವ್ವ. ನ್ಯಾಯ ನಾವು ಮಾಡ್ತೀವಿ."

ನ್ಯಾಯವಂತೆ!

*

ಕಿಟಕಿಯ ಸರಳಿನ ಹಿಂದೆ ಅಮ್ಜದ್ ಗೋಡೆಗೆ ಒರಗಿ ಕೂತಿದ್ದ. ಬಿಳಿ ಜೆರ್ಸಿ. ಮೌನೇಶ್ವರಿ ಅವನ ತೋಳು, ಎದೆ, ಬೆರಳು ಎಲ್ಲ ನೋಡಿದಳು. ಎಲ್ಲೂ ಒಂದು ಹಳದಿ ಕಲೆ ಇರಲಿಲ್ಲ.

"ರಾತ್ರಿ ಯಮನೂರಪ್ಪನ ಜೋಡಿ ಜಗಳಾಡಿದ್ಯಂತ?"

"ಜಗಳಲ್ಲಕ್ಕ. ತೋಳು ನೋಯ್ತಿದ್ರೂ ಎಸೀತಾನ. ಸುಮ್ನ ಮಲ್ಕೋಲೇ ಅಂತ ಬೈದೆ." ಅವನು ಎದ್ದು ಬಂದು ಸರಳು ಹಿಡಿದ. "ಅಕ್ಕ, ನಮ್ಮ ಅಮ್ಮಗ ಈ ವಿಡಿಯೋ ಮುಟ್ಟಿದ್ರ ಆಕಿ ಎದಿ ಒಡಕೊಳ್ತಾಳ."

"ಸಾಮಾನಿನ ಕೋಣಿ ಕೀಲಿ ನಿನ್ನ ಕಡೆ ಒಂದ ಏನು?"

"ಬೀಗ ಹೊಸಾದಕ್ಕ. ನನಗ ಕೊಟ್ಟಿದ್ದು ಒಂದ ಕೀಲಿ."

ಮೌನೇಶ್ವರಿ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಯಮನೂರಪ್ಪ ಮೈದಾನದ ಬೇವಿನ ಗಿಡದ ಕೆಳಗೆ ಮುಖ ಊದಿಸಿಕೊಂಡು ಕೂತಿದ್ದ. "ಅಮ್ಜದ್ ಕದ್ದಾನಂತ! ಇವ್ರ ಬಾಯಿಗೆ ಮಣ್ಣು ಬೀಳ. ಅಂವ ಹೊರಗ ಬರಲಿಲ್ಲಂದ್ರ ಗ್ಲೌಸ್ ಸಿಕ್ರೂ ನಾ ಆಡಂಗಿಲ್ಲ."

"ಆ ಹಲಗಿ ಮ್ಯಾಲ ಹಳದಿ ಪುಡಿ ಏನದು?"

"ಭಂಡಾರ. ನಮ್ಮ ದೇವರ ಅರಿಷಿಣ. ಆಟದ ಹಿಂದಿನ ದಿನ ಅಮ್ಮ ಒಂದು ಮುಷ್ಟಿ ಕೊಟ್ಟು ಕಳಿಸ್ತಾಳ. ನಿನ್ನಿ ಸಂಜಿಗೆ ಗ್ಲೌಸಿನ್ಯಾಗ ಹಾಕಿ, ಕೈಮುಗದು ಇಟ್ಟು ಬಂದೆ. ಫೈನಲ್ ಅಂತ ಒಂದೀಟು ಜಾಸ್ತಿನ ಹಾಕಿದ್ದೆ."

ಮೌನೇಶ್ವರಿ ಮತ್ತೆ ಕೋಣೆಗೆ ಹೋಗಿ ಬಗ್ಗಿ ಮುಟ್ಟಿ ನೋಡಿದಳು. ಹಲಗೆಯ ಮೇಲೆ ಪುಡಿ, ನೆಲದ ಮೇಲೂ ಎರಡು ಕಡೆ. ಹೊಸ್ತಿಲ ಆಚೆ ಇಲ್ಲ. ಕದ್ದವನು ಗ್ಲೌಸನ್ನು ಕೈಯಲ್ಲಿ ಹಿಡಿದು ಹೋಗಿಲ್ಲ. ಬಾಗಿಲ ಬಳಿ ಬಂದಾಗ ಅದನ್ನು ಮೈಯಲ್ಲೇ ಎಲ್ಲೋ ಅಡಗಿಸಿಕೊಂಡಿದ್ದಾನೆ.

*

"ಬೆಳಿಗ್ಗೆ ಲಿಂಗಸುಗೂರಿನ ಸಿದ್ದರಾಮೇಶ ಈ ಕಡೆ ಸುಳಿದಾಡಿದ್ದ," ಎಂದ ಚಹಾದಂಗಡಿಯವನು.

ಎದುರಾಳಿ ತಂಡದ ನಾಯಕ. ಯಮನೂರಪ್ಪ ಆಡದಿದ್ದರೆ ಲಾಭ ಅವನಿಗೇ. ಮೌನೇಶ್ವರಿ ನೇರವಾಗಿ ಅವರ ಬಸ್ಸಿನ ಬಳಿ ಹೋದಳು. ಸಿದ್ದರಾಮೇಶ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ.

"ಸಾಮಾನಿನ ಕೋಣಿ ಕಡೆ ಯಾಕ ಹೋಗಿದ್ರಿ?"

"ನಮ್ಮ ಕಡೆ ನಳ ಬಂದಿಲ್ರೀ. ಮಾರಿ ತೊಳಿಯಾಕ ಹೋಗಿದ್ದೆ. ಆದ್ರ ನಿಮ್ಮ ಕೋಚು ನಳದ ಮುಂದ ಅಂಗಿ ಬಿಚ್ಚಿ ತಿಕ್ಕಾಕತ್ತಿದ್ದ. ನಾ ನಿಂತು ನಿಂತು ಬ್ಯಾಸರಾಗಿ ಬಂದೆ." ಮಿರ್ಚಿ ಕೆಳಗಿಟ್ಟ. "ಒಂದು ಹೇಳ್ತೀನಿ ಕೇಳ್ರಿ. ಈ ಸೀಸನ್ನಿನ್ಯಾಗ ಯಮನೂರಪ್ಪ ನಮ್ಮನ್ನ ಎರಡು ಸಲ ನೀರು ಕುಡಿಸ್ಯಾನ. ಅಂವ ಎದುರಿಗೆ ನಿಂತಾಗ ಗೆಲ್ಲಬೇಕು. ಅಂವ ಇಲ್ಲದ ಕಪ್ಪು ತಗೊಂಡು ಊರಾಗ ಹೆಂಗ ತಿರಗೂದ್ರಿ?"

ಮೌನೇಶ್ವರಿ ನಳದ ಕಡೆ ನಡೆದಳು. ಕಲ್ಲಿನ ಮೇಲೆ ಬಟ್ಟೆ ಸಾಬೂನಿನ ತುಂಡು ಬಿದ್ದಿತ್ತು. ಕೋಣೆಯ ನೆಲ ಮುಟ್ಟಿದ್ದ ಬೆರಳು ಇನ್ನೂ ಹಳದಿ ಇದ್ದವು. ಸಾಬೂನು ತಿಕ್ಕಿದಳು.

ಬೆರಳು ಕೆಂಪಾದವು.

ಅವಳು ನಳ ಬಂದ್ ಮಾಡುವುದನ್ನೂ ಮರೆತು ನಿಂತಳು. ಅರಿಶಿನದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುತ್ತದೆ. ಹಬ್ಬದ ಮಾರನೆಯ ದಿನ ಬಟ್ಟೆ ಒಗೆದ ಯಾರಿಗಾದರೂ ಗೊತ್ತಿರುವ ಸಂಗತಿ. ಎಂದೂ ತನ್ನ ಅಂಗಿ ತಾನು ಒಗೆಯದ ಗಂಡಸಿಗೆ ಮಾತ್ರ ಗೊತ್ತಿರುವುದಿಲ್ಲ.

ಆಂಜನೇಯ ಪೆವಿಲಿಯನ್ನಿನ ನೆರಳಲ್ಲಿ ತನ್ನ ಮಗ ವಿರೇಶನಿಗೆ ಚೆಂಡು ಹಿಡಿಯುವುದನ್ನು ಹೇಳಿಕೊಡುತ್ತಿದ್ದ. ವಿರೇಶ ತಂಡದ ಮೂರನೆಯ ಪಿಚರ್. ಸೀಸನ್ ಪೂರ್ತಿ ಬೆಂಚಿನ ಮೇಲೇ ಕೂತವನು.

"ಸರ, ನೀವೇನರ ಆ ಗ್ಲೌಸ್ ಮುಟ್ಟಿದ್ರೇನ್ರಿ?"

"ಸೀಸನ್ ಪೂರಾ ಮುಟ್ಟಿಲ್ಲ ನಾ. ಅದ್ರಾಗ ಭಂಡಾರ ಗಿಂಡಾರ ತುಂಬ್ತಾನ, ನನಗ ಆಗಿ ಬರಂಗಿಲ್ಲ."

"ಅಂಗಿ ಮ್ಯಾಲ ಅದೇನ್ರಿ ಕೆಂಪು?"

ಆಂಜನೇಯ ಎಡಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡ. "ಎಲಿ ಅಡಿಕಿ ಉಗುಳು ಬಿತ್ತವ್ವ. ಹೋಗು, ತಲಿ ತಿನಬ್ಯಾಡ."

*

ಆಟದ ಹೊತ್ತಾಗುತ್ತ ಬಂತು. ಮೈದಾನದ ಸುತ್ತ ಜನವೋ ಜನ. ಬೆಂಗಳೂರಿನಿಂದ ರಾಜ್ಯ ತಂಡದ ಆಯ್ಕೆದಾರರು ಬಂದು ಕುರ್ಚಿಯಲ್ಲಿ ಕೂತಿದ್ದರು. ಈ ಫೈನಲ್ ನೋಡಿ ಒಬ್ಬ ಪಿಚರನನ್ನು ಆರಿಸುವುದಿತ್ತು.

ಅಷ್ಟರಲ್ಲಿ ಆಟೋ ಒಂದು ಬಂದು ನಿಂತಿತು. ಇಳಿದವಳು ಪೀರ್‌ಬೀ, ಅಮ್ಜದನ ತಾಯಿ. ಗದ್ದೆಯ ಕೆಸರು ಕಾಲಲ್ಲೇ ಇತ್ತು. ವಿಡಿಯೋ ಗೊರೇಬಾಳ ಮುಟ್ಟಿ ಆಗಿತ್ತು.

"ಎಲ್ಲೈತಿ ನನ ಕೂಸು? ಕಳ್ಳ ಅಂದಾವ ಯಾಂವ?"

ಸೂಗಪ್ಪ ಬಾಯಿ ತೆರೆಯುವ ಮೊದಲೇ ಮೌನೇಶ್ವರಿ ಮುಂದೆ ಬಂದಳು. ಆಟಗಾರರ ಶರಬತ್ತಿಗೆ ಹೆಚ್ಚಿಟ್ಟಿದ್ದ ನಿಂಬೆಹಣ್ಣಿನ ಹೋಳೊಂದು ಅವಳ ಕೈಯಲ್ಲಿತ್ತು.

"ನಿಂದ್ರಬೇ, ಈಗ ತೋರಿಸ್ತೀನಿ. ಕೋಚ್ ಸಾಹೇಬ್ರ, ಎಡಗೈ ಮ್ಯಾಲೆತ್ರಿ."

"ಏನಿದು ಹುಡುಗಾಟ?"

"ಎತ್ರಿ ಅಂದೆ!"

ಆ ದನಿಗೆ ಸೂಗಪ್ಪನೇ ಒಂದು ಹೆಜ್ಜೆ ಹಿಂದೆ ಸರಿದ. ಆಂಜನೇಯನ ಕೈ ಎತ್ತಿದ್ದು ಯಮನೂರಪ್ಪ. ಕಂಕುಳ ಕೆಳಗೆ ಅಂಗೈಯಗಲ ಕೆಂಪು ಕಲೆ.

"ಎಲಿ ಅಡಿಕಿ ಉಗುಳು ಅಂದ್ರಿ. ಉಗುಳು ಎದಿ ಮ್ಯಾಲ ಬೀಳ್ತೈತಿ, ಕಂಕುಳಾಗ ಹೆಂಗ ಹೋತ್ರಿ? ಅಲ್ಲಿಗೆ ಉಗುಳಾಕ ಕುತ್ತಿಗಿ ತಿರುವಿಕೊಂಡ್ರೇನು?"

ಯಾರೋ ಕಿಸಕ್ಕನೆ ನಕ್ಕರು. ಮೌನೇಶ್ವರಿ ನಗಲಿಲ್ಲ. ಕಲೆಯ ಮೇಲೆ ನಿಂಬೆಹೋಳು ಹಿಂಡಿದಳು. ಎಲ್ಲರ ಕಣ್ಣೆದುರೇ ಕೆಂಪು ಕರಗಿ ಅಚ್ಚ ಹಳದಿ ಮೂಡಿತು.

"ಅರಿಷಿಣ!" ಪೀರ್‌ಬೀ ಕೂಗಿದಳು.

"ಅರಿಷಿಣನ. ಗ್ಲೌಸಿನ್ಯಾಗಿನ ಭಂಡಾರ. ಕಂಕುಳಾಗ ಗ್ಲೌಸ್ ಒತ್ತಿಕೊಂಡು ಹೊರಗ ಬಂದ್ರಿ. ಪುಡಿ ಅಂಗಿಗೆ ಹತ್ತಿತು. ನಳಕ್ಕ ಹೋಗಿ ಸಾಬೂನು ಹಚ್ಚಿ ತಿಕ್ಕಿದ್ರಿ. ಸಿದ್ದರಾಮೇಶ ಕಣ್ಣಾರೆ ನೋಡ್ಯಾನ. ಕಲಿ ಹೋಗಲಿಲ್ಲ, ಕೆಂಪಾತು."

"ನಿನ್ನೆ ಯಮನೂರಪ್ಪನ್ನ ಅಪ್ಪಿಕೊಂಡಿದ್ದೆ, ಆಗ ಹತ್ತೈತಿ," ಆಂಜನೇಯ ತೊದಲಿದ.

"ನೀವು ಅಪ್ಪಿಕೊಂಡಿದ್ದು ಮಧ್ಯಾಹ್ನ ಪ್ರಾಕ್ಟೀಸ್ ಮುಗಿದಾಗ. ನಾ ಭಂಡಾರ ಹಾಕಿದ್ದು ಸಂಜಿಗೆ," ಎಂದ ಯಮನೂರಪ್ಪ.

"ಇನ್ನ ಬೀಗದ ಮಾತು," ಎಂದಳು ಮೌನೇಶ್ವರಿ. "ಹೊಸಾ ಬೀಗ. ಅಂಗಡಿಯಾವ ಎರಡು ಕೀಲಿ ಕೊಟ್ಟಿರ್ತಾನ. ಒಂದು ಅಮ್ಜದನ ಕೈಯಾಗ. ಬೀಗ ತಂದವ್ರು ಯಾರು? ಇನ್ನೊಂದು ಎಲ್ಲೈತಿ? ಯಾರೂ ಕೇಳಲಿಲ್ಲ!"

ಸೂಗಪ್ಪ ನೆಲ ನೋಡಿದ. ಬೀಗ ತರಲು ಕೋಚನ್ನು ಕಳಿಸಿದವನು ಅವನೇ.

"ಗ್ಲೌಸ್ ಹೋದ್ರ ಯಮನೂರಪ್ಪ ಆಡಂಗಿಲ್ಲ. ಕಳುವಿನ ಹೆಸರು ಬಂದ್ರ ಅಮ್ಜದ್ ಆಡಂಗಿಲ್ಲ. ಒಂದೇ ಕಲ್ಲಿಗೆ ಎರಡು ಹಕ್ಕಿ. ಆಮ್ಯಾಲ ಆಯ್ಕೆದಾರರ ಮುಂದ ಉಳಿಯೋ ಪಿಚರ್ ಯಾರು? ವಿರೇಶ. ಬೇಲಿನ ಎದ್ದು ಹೊಲ ಮೇದ್ರ ಯಾರಿಗೆ ಹೇಳಬೇಕ್ರಿ? ಇಡೀ ಸೀಸನ್ ನಿಮ್ಮನ್ನ ಗುರು ಅಂತ ನಂಬಿದ ಹುಡುಗರಿಗೆ ಹಿಂಗ ಮಾಡ್ತೀರಾ? ನಾಚಿಕಿ ಬರಲಿಲ್ಲ?"

ಆಂಜನೇಯ ಇನ್ನೂ ಏನೋ ಹೇಳಲು ಹೊರಟಿದ್ದ. ವಿರೇಶ ಅವನ ಮುಂದೆ ಕೈಚಾಚಿದ. ಹುಡುಗನ ಕಣ್ಣು ತುಂಬಿದ್ದವು.

"ಅಪ್ಪ, ಕಾರಿನ ಕೀಲಿ ಕೊಡು. ಬೆಳಿಗ್ಗೆ ಡಿಕ್ಕಿ ತೆಗೆದು ಮುಚ್ಚಿದ್ದು ನೋಡೀನಿ. ಕೇಳಿದ್ದಕ್ಕ ಬೈದಿ. ಹಿಂಗ ಆಡಿಸಿದ್ರ ನಾ ಆಡ್ತಿದ್ನೇನು?"

ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರದ ಕೆಳಗೆ, ಟವೆಲಿನಲ್ಲಿ ಸುತ್ತಿದ ಗ್ಲೌಸು ಸಿಕ್ಕಿತು. ಯಮನೂರಪ್ಪ ಅದನ್ನು ಎದೆಗೊತ್ತಿಕೊಂಡ. ಆಂಜನೇಯ ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಹತ್ತಿರ ಯಾರೂ ಹೋಗಲಿಲ್ಲ.

*

ಚಿಲಕ ತೆಗೆದರು. ಅಮ್ಜದ್ ಹೊರಗೆ ಬಂದು ತಾಯಿಯ ಹೆಗಲಿಗೆ ಮುಖ ಒತ್ತಿದ. ಸೂಗಪ್ಪ ಗಂಟಲು ಸರಿಮಾಡಿಕೊಂಡ.

"ಆತು ಬಿಡವ್ವ. ಏನೋ ಗಡಿಬಿಡ್ಯಾಗ ಆಗಿಹೋತು. ಹೋಗಲೇ ಅಮ್ಜದ್, ತಯಾರಾಗು, ಆಟ ಐತಿ."

"ಆಗಿಹೋತಾ?" ಪೀರ್‌ಬೀ ಮಗನನ್ನು ಹಿಂದೆ ಸರಿಸಿ ಸೂಗಪ್ಪನ ಎದುರು ನಿಂತಳು. "ಇಷ್ಟು ಹುಡುಗರು ಅದಾರ ನಿಮ್ಮ ತಂಡದಾಗ. ನಿಮ್ಮ ಕೈ ಮದ್ಲ ನನ ಮಗನ ಮ್ಯಾಲನ ಯಾಕ ಬಿತ್ರಿ ಸಾಹುಕಾರ್ರ?"

ಸೂಗಪ್ಪ ಕೀಲಿ ಎಂದ. ಕೋಚಿನ ಮಾತು ಎಂದ. ಆ ಪ್ರಶ್ನೆಗೆ ಉತ್ತರ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಮೌನೇಶ್ವರಿಗೆ ಆಂಜನೇಯನ ಮೇಲಿಗಿಂತ ಆ ಮೌನದ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಸೂಗಪ್ಪ ಕೈಮುಗಿದ. "ತಪ್ಪಾತವ್ವ."

"ನನಗ ಹೇಳಬ್ಯಾಡ್ರಿ, ನನ ಮಗ ಎಂಥಾವ ಅಂತ ನನಗ ಗೊತ್ತೈತಿ. ಅಲ್ಲಿ ಸುತ್ತಲೂ ಇಷ್ಟು ಮಂದಿ ಕುಂತಾರಲ್ಲ, ಅವ್ರಿಗೆ ಹೇಳ್ರಿ."

ಸೂಗಪ್ಪ ಯಮನೂರಪ್ಪನ ಮುಖ ನೋಡಿದ. ಗ್ಲೌಸು ಕಂಕುಳಲ್ಲಿಟ್ಟುಕೊಂಡು ಅವನು ಅಮ್ಜದನ ಪಕ್ಕ ನಿಂತಿದ್ದ, ಒಂದು ಹೆಜ್ಜೆ ಕದಲಲಿಲ್ಲ. ಉಳಿದ ಆಟಗಾರರೂ ಒಬ್ಬೊಬ್ಬರಾಗಿ ಅಲ್ಲೇ ಬಂದು ನಿಂತರು. ವಿರೇಶನೂ ಬಂದ. ಆಯ್ಕೆದಾರರು ಗಡಿಯಾರ ನೋಡಿಕೊಂಡರು.

ಬೇರೆ ದಾರಿ ಇರಲಿಲ್ಲ. ರೈಸ್ ಮಿಲ್ಲಿನ ಸಾಹುಕಾರ ಮೈದಾನದ ನಡುವಿಗೆ ನಡೆದ. ಟವೆಲಿನಿಂದ ಮುಖ ಒರೆಸಿಕೊಂಡ. ಬಾಯೊಳಗೇ ಅಂದ: "ಅಮ್ಜದ್ ಕದ್ದಿಲ್ಲ. ಸುಳ್ಳ ಅಂವನ ಮ್ಯಾಲ ಕಳುವು ಹೊರಿಸಿದೆ. ತಪ್ಪು ನಂದು."

"ಕೇಳವಲ್ದ್ರಿ ಸಾಹುಕಾರ್ರ!" ಪೀರ್‌ಬೀ ಗೆರೆಯಾಚೆಯಿಂದ ಕೂಗಿದಳು. "ಬೆಳಿಗ್ಗೆ ಹೆಂಗ ಒದರಿದ್ರಿ, ಹಂಗ ಒದರ್ರಿ!"

ಸೂಗಪ್ಪ ಇನ್ನೊಮ್ಮೆ, ಮಸ್ಕಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ.