ಹೆಸರು ಕೇಳುವ ಒಲೆ

ಏಳು ಬೆಟ್ಟಗಳ ಆಚೆ, ಸುವರ್ಣತೀರವೆಂಬ ರಾಜ್ಯದಲ್ಲಿ, ಒಲೆಗಳಿಗೆ ಕಿವಿಯಿದ್ದ ಕಾಲವೊಂದಿತ್ತು. ಹೊಸ ಮನೆಯಲ್ಲಿ ಮೊದಲ ಬೆಂಕಿ ಹೊತ್ತಿಸುವವರು, ಆ ಮನೆಯಲ್ಲಿ ಯಾರು ಯಾರು ಉಣ್ಣುತ್ತಾರೋ ಅವರೆಲ್ಲರ ಹೆಸರನ್ನು ಒಲೆಗೆ ಕೇಳುವಂತೆ ಹೇಳಬೇಕಿತ್ತು. ಮನೆಯ ಹಿರಿಯರ ಹೆಸರು ಮೊದಲು, ಉಳಿದವರದು ಆಮೇಲೆ. ಹೇಳಿದ್ದು ನಿಜವಾದರೆ ಒಲೆ ಹತ್ತುತ್ತಿತ್ತು. ಇಲ್ಲವಾದರೆ ಕೆಂಡ ಬೂದಿಯಾಗುತ್ತಿತ್ತು.

ಆ ರಾಜ್ಯದ ಸೇನಾಪತಿ ಮಕರಧ್ವಜ. ಅವನ ಹೆಂಡತಿ ಹೇಮಾಂಬಿಕೆ. ಅವರಿಗೆ ನೀಲಾಂಜನೆ, ತಾರಾವಳಿ ಎಂದು ಇಬ್ಬರು ಹೆಣ್ಣುಮಕ್ಕಳು. ಹದಿನೈದು ವರ್ಷ ಸಂಸಾರ ಮಾಡಿದ ಮೇಲೆ ಮಕರಧ್ವಜ ರಾಜಸಭೆಯಲ್ಲಿ ಎದ್ದು ನಿಂತು, ತನಗೆ ಈ ದಾಂಪತ್ಯ ಸಾಕು ಎಂದ. ರಾಜನು ಇಬ್ಬರ ಮಾತನ್ನೂ ಕೇಳಿ ಮದುವೆಯ ದಾರವನ್ನು ಕತ್ತರಿಸಿದ. ಮಕ್ಕಳು ತಾಯಿಯ ಬಳಿ ಇರಲೆಂದ. ಹೇಮಾಂಬಿಕೆ ಸಭೆಯಲ್ಲಿ ಅಳಲಿಲ್ಲ. ಮಕ್ಕಳ ಜಡೆ ಬಿಗಿಯಾಗಿದೆಯೇ ಎಂದು ನೋಡಿ, ಅವರ ಕೈಹಿಡಿದು ಊರಂಚಿನ ಸಣ್ಣ ಮನೆಗೆ ನಡೆದಳು.

ಆ ಮನೆಯ ಬಾಗಿಲಲ್ಲಿ ಧೂಮಾಕ್ಷನೆಂಬ ಮಾಂತ್ರಿಕ ಕಾದಿದ್ದ. ಒಡೆದ ಮನೆಯ ಮಕ್ಕಳಿಗೆ ಮೂರು ದಿನದೊಳಗೆ ಹೊಸ ಒಲೆ ಹತ್ತದಿದ್ದರೆ ಅವರನ್ನು ಕಲ್ಲಿನ ಗಿಳಿಗಳನ್ನಾಗಿ ಮಾಡಿ ಒಯ್ಯುವ ವರ ಅವನಿಗಿತ್ತು. ಅವನ ಗೋಪುರದಲ್ಲಿ ಅಂಥ ಗಿಳಿಗಳು ಸಾಲಾಗಿ ಕುಳಿತಿದ್ದವು. ಅವನು ಮಕ್ಕಳಿಬ್ಬರ ಹೆಗಲನ್ನೂ ಮುಟ್ಟಿ ಹೋದ.

ಒಲೆಗೆ ಬೇಕಾದ ಕೆಂಡ ಬೆಟ್ಟದ ಮೇಲೆ, ಉರಿಯುವ ಕೇಸರದ ಒಂದು ಸಿಂಹದ ಬಳಿ ಇತ್ತು. ಅದು ದಿನಕ್ಕೆ ಒಂದೇ ಕೆಂಡ ಕೊಡುತ್ತಿತ್ತು.

ಮೊದಲ ದಿನ ಬೆಳಿಗ್ಗೆ ಹೇಮಾಂಬಿಕೆ ಬೆಟ್ಟ ಹತ್ತಿ ಕೆಂಡ ತಂದಳು. ಒಲೆಯಲ್ಲಿಟ್ಟು, ಮಕರಧ್ವಜ, ಹೇಮಾಂಬಿಕೆ, ನೀಲಾಂಜನೆ, ತಾರಾವಳಿ ಎಂದು ಹೇಳಿದಳು. ಕೆಂಡ ಬೂದಿಯಾಯಿತು.

"ಅಪ್ಪನ ಹೆಸರು ಯಾಕೆ ಹೇಳಿದೆ, ಅಮ್ಮ?" ಎಂದು ನೀಲಾಂಜನೆ ಕೇಳಿದಳು.

"ಹೇಳದಿದ್ದರೆ ಚೆನ್ನಾಗಿರುತ್ತದೆಯೇ? ಪಕ್ಕದ ಮನೆಯವರಿಗೆ ಕೇಳಿಸುತ್ತದೆ. ನಿಮ್ಮಪ್ಪ ಗಡಿಗೆ ಯುದ್ಧಕ್ಕೆ ಹೋಗಿದ್ದಾರೆ ಎಂದು ಅವರಿಗೆ ಹೇಳಿದ್ದೇನೆ."

"ಗಡಿಯಲ್ಲಿ ಯುದ್ಧ ಮುಗಿದು ಆರು ವರ್ಷವಾಯಿತು. ಪಕ್ಕದ ಮನೆಯವರಿಗೂ ಅದು ಗೊತ್ತು."

ಎದುರು ಮಾತನಾಡಬಾರದೆಂದು ತಾಯಿ ಗದರಿದಳು. ಆ ಸಂಜೆ ಮಕ್ಕಳ ಹೆಗಲ ಮೇಲೆ ಒಂದೊಂದು ಹಸಿರು ಗರಿ ಮೂಡಿತು. ಮುಟ್ಟಿದರೆ ಕಲ್ಲಿನಂತೆ ತಣ್ಣಗಿತ್ತು.

ಎರಡನೆಯ ದಿನ, ನಿನ್ನೆಯ ಕೆಂಡ ಏನಾಯಿತೆಂದು ಸಿಂಹ ಕೇಳಿತು. ಸೌದೆ ಹಸಿಯಾಗಿತ್ತು ಎಂದಳು ಹೇಮಾಂಬಿಕೆ. ತನ್ನ ಕೆಂಡ ನೀರಿನಲ್ಲೂ ಉರಿಯುತ್ತದೆ ಎಂದು ಹೇಳಿ ಸಿಂಹ ಇನ್ನೊಂದು ಕೊಟ್ಟಿತು. ಆ ದಿನ ಅವಳು ಗಂಡನ ಹೆಸರು ಹೇಳಲಿಲ್ಲ. ನೀಲಾಂಜನೆ, ತಾರಾವಳಿ ಎಂದಷ್ಟೇ ಹೇಳಿದಳು. ಕೆಂಡ ಮತ್ತೆ ಬೂದಿಯಾಯಿತು.

"ನೀನು ಊಟ ಮಾಡುವುದಿಲ್ಲವಾ, ಅಮ್ಮ?" ಎಂದಳು ತಾರಾವಳಿ.

"ನನ್ನದೇನು? ನೀವು ಉಂಡರೆ ಸಾಕು."

"ಒಲೆಗೆ ಸಾಕಾಗಲಿಲ್ಲವಲ್ಲ" ಎಂದಳು ನೀಲಾಂಜನೆ. ತಾಯಿ ಈ ಸಲ ಗದರಲಿಲ್ಲ. ಸಂಜೆಯ ಹೊತ್ತಿಗೆ ಮಕ್ಕಳ ಬಲಗೈಗಳು ಕಲ್ಲಿನ ರೆಕ್ಕೆಗಳಾಗಿದ್ದವು. ತಾರಾವಳಿಗೆ ಅನ್ನ ಕಲಸಲು ಬರಲಿಲ್ಲ. ಪಕ್ಕದ ಮನೆಯಿಂದ ಬಂದ ಅನ್ನವನ್ನು ತಾಯಿಯೇ ಕಲಸಿ ಇಬ್ಬರಿಗೂ ತಿನ್ನಿಸಿದಳು.

ಮೂರನೆಯ ದಿನ ಸಿಂಹ ಒಂದೇ ಪ್ರಶ್ನೆ ಕೇಳಿತು. "ಆ ಮನೆ ಯಾರದು, ತಾಯಿ?"

ಹೇಮಾಂಬಿಕೆ ಬೆಟ್ಟದ ಕೆಳಗೆ ಕಾಣುತ್ತಿದ್ದ ಆ ಸಣ್ಣ ಮಾಡನ್ನು ನೋಡಿದಳು. ಆಮೇಲೆ "ನನ್ನದು" ಎಂದಳು. ಸಿಂಹ ಕೆಂಡ ಕೊಟ್ಟಿತು.

ಅವಳು ಮನೆಗೆ ಬಂದಾಗ ಮಕರಧ್ವಜ ಒಲೆಯ ಪಕ್ಕದಲ್ಲಿ ನಿಂತಿದ್ದ. ತಾರಾವಳಿ ಎಡಗೈಯಲ್ಲಿ ಅವನ ಉತ್ತರೀಯ ಹಿಡಿದುಕೊಂಡು ನಗುತ್ತಿದ್ದಳು. ತನ್ನದು ತಪ್ಪಾಯಿತು, ಎಲ್ಲವನ್ನೂ ಮರೆತುಬಿಡೋಣ ಎಂದು ಅವನು ಮೃದುವಾಗಿ ಹೇಳಿದ. "ನನ್ನ ಹೆಸರು ಸೇರಿಸು, ಹೇಮಾ. ಮಕ್ಕಳ ಮುಖ ನೋಡಿಯಾದರೂ ಸೇರಿಸು."

ಅವಳು ಮಕ್ಕಳ ಮುಖ ನೋಡಿದಳು. ಚಿಕ್ಕವಳ ಕಣ್ಣಿನಲ್ಲಿ ಆಸೆಯಿತ್ತು. ದೊಡ್ಡವಳು ನೆಲ ನೋಡುತ್ತಿದ್ದಳು. ಇಬ್ಬರಿಗೂ ಬಲಗೈಯಿಂದ ಕುತ್ತಿಗೆಯವರೆಗೆ ಕಲ್ಲು ಏರಿತ್ತು.

"ನೀವು ಮಕ್ಕಳ ತಂದೆಯೋ, ತಂದೆಯ ವೇಷ ಹಾಕಿದ ಮಾಂತ್ರಿಕನೋ ನನಗೆ ತಿಳಿಯದು" ಎಂದಳು ಹೇಮಾಂಬಿಕೆ. "ತಂದೆಯಾದರೆ ಕುಳಿತುಕೊಳ್ಳಿ, ನೀರು ಕೊಡುತ್ತೇನೆ. ಮಕ್ಕಳೊಡನೆ ಮಾತನಾಡಿ ಹೋಗಿ. ಆದರೆ ಈ ಒಲೆ ನಿಮ್ಮದಲ್ಲ."

ಅವಳು ಬಗ್ಗಿ ಕೆಂಡವಿಟ್ಟಳು. ಪಕ್ಕದ ಮನೆಗೂ ಕೇಳುವಂತೆ ಹೇಳಿದಳು: "ಹೇಮಾಂಬಿಕೆ. ನೀಲಾಂಜನೆ. ತಾರಾವಳಿ."

ಒಲೆ ಹತ್ತಿತು. ನಿಂತಿದ್ದವನ ಮುಖ ಕರಗಿ ಧೂಮಾಕ್ಷನ ಮುಖವಾಯಿತು. ಮರುಕ್ಷಣ ಅವನು ಹೊಗೆಯಾಗಿ ಮಾಡಿನ ಸಂದಿನಿಂದ ಹೊರಗೆ ಹೋದ. ಮತ್ತೆ ಯಾರೂ ಅವನನ್ನು ಕಾಣಲಿಲ್ಲ. ಮಕ್ಕಳ ಕೈಗಳು ಬೆಚ್ಚಗಾದವು. ತಾರಾವಳಿ ತಾಯಿಯ ಮಡಿಲಲ್ಲಿ ಮುಖವಿಟ್ಟು, ಅದು ಅಪ್ಪನೇ ಆಗಿರಲೆಂದು ತಾನು ಬಯಸಿದ್ದಾಗಿ ಹೇಳಿ ಅತ್ತಳು. ತಾನೂ ಹಾಗೆಯೇ ಬಯಸಿದ್ದಾಗಿ ಹೇಮಾಂಬಿಕೆ ಒಪ್ಪಿಕೊಂಡಳು. ಸಭೆಯಲ್ಲಿ ಬಾರದ ಅಳು ಆಗ ಬಂತು. ಮೂವರೂ ಅತ್ತು ಮುಗಿಸಿ, ಮುಖ ತೊಳೆದು, ಗಂಜಿ ಕಾಯಿಸಿ ಕುಡಿದರು.

ಅದೇ ಹೊತ್ತಿಗೆ ಧೂಮಾಕ್ಷನ ಗೋಪುರದಲ್ಲಿ ಕಲ್ಲಿನ ಗಿಳಿಗಳೆಲ್ಲ ಮಕ್ಕಳಾದವು. ಅವರು ಮೆಟ್ಟಿಲಿಳಿದು ತಮ್ಮ ತಮ್ಮ ಮನೆಗಳಿಗೆ ಓಡಿದರು. ಕೆಲವು ಮಕ್ಕಳಿಗೆ ತಾಯಿಯದೊಂದು, ತಂದೆಯದೊಂದು ಎಂದು ಎರಡು ಮನೆಗಳಿದ್ದವು. ಅವರು ಎರಡಕ್ಕೂ ಹೋದರು. ಎರಡರಲ್ಲೂ ಅವರಿಗೆ ಬಿಸಿ ಊಟ ಸಿಕ್ಕಿತು. ಸುವರ್ಣತೀರದಲ್ಲಿ ಎಲ್ಲರೂ ಸುಖವಾಗಿದ್ದರು.